ನಾನೂರ ಎಂಬತ್ತು ಕಿಲೋ

ವೇಲ್ಸ್ ದೇಶದ ಎಮ್ರಿಸ್ ಎಂಬವನು ದೋಹಾದ ಕಂಪೆನಿಗೆ ಸೇಫ್ಟಿ ಆಫೀಸರ್ ಆಗಿ ಬಂದ ದಿನವೇ ಸ್ಟೋರ್ಸಿನ ಯಜ್ಞೇಶ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಈ ಸಲ ಕಪ್ ನಮ್ಮದೇ ಎಂದು ತೀರ್ಮಾನಿಸಿಬಿಟ್ಟ. ಆಸಾಮಿ ಹದಿಮೂರು ವರ್ಷ ಸಂಬಳಕ್ಕೆ ರಗ್ಬಿ ಆಡಿದವನು, ಅದರಲ್ಲೂ ಫಾರ್ವರ್ಡ್. ಎಂಟೆಂಟು ಜನ ಹೆಗಲಿಗೆ ಹೆಗಲು ಕೊಟ್ಟು ಎದುರಿನವರನ್ನು ದೂಡುವ ಆಟದಲ್ಲಿ ಮುಂದಿನ ಸಾಲಿನಲ್ಲಿ ನಿಂತು ನಿಂತು ಅವನ ಕಿವಿಗಳು ಮುದುಡಿ ಹೋಗಿದ್ದವು. ಚೆಂಡು ಕೈಗೆ ಸಿಗುತ್ತಿದ್ದದ್ದು ಅಪರೂಪವಂತೆ.

ಯಜ್ಞೇಶನಿಗೆ ಚೆಂಡು ಬೇಕಿರಲಿಲ್ಲ. ದೋಹಾದ ಕರಾವಳಿ ಬಳಗದ ಹಗ್ಗಜಗ್ಗಾಟ ತಂಡಕ್ಕೆ ಅವನು ಕ್ಯಾಪ್ಟನ್. ತಂಡ ಪ್ರತಿವರ್ಷ ತಪ್ಪದೆ ಸೋಲುತ್ತಿತ್ತು. ಯಜ್ಞೇಶನಿಗೆ ಐವತ್ತು ಹತ್ತಿರವಾಗಿತ್ತು, ಮಂಡಿ ತಕರಾರು ತೆಗೆಯುತ್ತಿತ್ತು. ಹಗ್ಗ ಕೈಯಲ್ಲಿರುವಾಗ ಒಂದು ಸಲ ಗೆಲ್ಲಬೇಕು ಎಂಬ ಆಸೆಯನ್ನು ಹೆಂಡತಿ ವಸಂತಿಗಲ್ಲದೆ ಇನ್ಯಾರಿಗೂ ಹೇಳಿರಲಿಲ್ಲ.

ಕೇಳಿದ ಕೂಡಲೇ ಎಮ್ರಿಸ್ ಒಪ್ಪಿದ. ಆಟ ಬಿಟ್ಟ ಮೇಲೆ ಯಾರೂ ಅವನನ್ನು ಯಾವ ಸಾಲಿಗೂ ಕರೆದಿರಲಿಲ್ಲ.

ತೂಕದ ಲೆಕ್ಕ ಯಜ್ಞೇಶನ ತಲೆಗೆ ಹೋದದ್ದು ಆಮೇಲೆ. ಊರಿನ ಪಂದ್ಯಗಳಂತೆ ಇಲ್ಲೂ ಏಳು ಜನ ಸೇರಿ ನಾನೂರ ಎಂಬತ್ತು ಕಿಲೋ ಮೀರುವಂತಿಲ್ಲ. ಎಮ್ರಿಸ್ ಒಬ್ಬನೇ ನೂರಿಪ್ಪತ್ತು. ಉಳಿದ ಆರು ಮಂದಿ ತಲಾ ಅರವತ್ತಕ್ಕೆ ಇಳಿಯಬೇಕು.

"ಎಂಥ ಮಾರಾಯ, ನಾವು ಹಗ್ಗ ಎಳೆಯುವುದಾ, ಹಗ್ಗ ಆಗುವುದಾ?" ಎಂದ ತಂಡದ ಅಣ್ಣು.

ಆದರೂ ಇಳಿದರು. ಮೂರು ತಿಂಗಳು ಕುಚ್ಚಲಕ್ಕಿ ಅನ್ನ ಬಿಟ್ಟು ಸೌತೆಕಾಯಿ ತಿಂದರು. ಎಮ್ರಿಸ್ ಕೂಡ ಜೊತೆಗೆ ಕೂತು ಸೌತೆಕಾಯಿ ಜಗಿದ. ರಗ್ಬಿ ಕ್ಲಬ್ಬಿನವರು ಅವನಿಗೆ ಅಷ್ಟು ವರ್ಷ ತಿನ್ನು, ಇನ್ನೂ ತಿನ್ನು ಎಂದೇ ಸಂಬಳ ಕೊಟ್ಟದ್ದಂತೆ. ತಿನ್ನಬೇಡ ಎಂದವರು ಇವರೇ ಮೊದಲು.

ಪಂದ್ಯ ಊರಾಚೆಯ ಮುಐದರ್ ಬಡಾವಣೆಯ ಮೈದಾನದಲ್ಲಿ. ಹಿಂದಿನ ದಿನ ತಂಡದ ಗೇಬ್ರಿಯಲ್ ತನ್ನ ಮಗಳ ಬರ್ತ್‌ಡೇಗೆ ಎಲ್ಲರನ್ನೂ ಕರೆದಿದ್ದ. ಬರೀ ಒಂದು ಪೀಸ್ ಎಂದು ಶುರುವಾದ ಕೋರಿ ರೊಟ್ಟಿ ಪಾತ್ರೆ ಖಾಲಿಯಾದ ಮೇಲೆ ನಿಂತಿತ್ತು. ಬೆಳಿಗ್ಗೆ ಏಳೂ ಜನ ಒಟ್ಟಿಗೆ ತೂಕದ ಹಲಗೆ ಹತ್ತಿದಾಗ ನಾನೂರ ಎಂಬತ್ತನಾಲ್ಕು ಬಂತು.

"ಖಲಾಸ್," ಎಂದ ರೆಫ್ರಿ ಟೋನಿ. "ಒಬ್ಬರನ್ನು ಇಳಿಸಿ. ಆರು ಜನ ಬೇಕಾದರೆ ಎಳೆಯಿರಿ."

ಎಲ್ಲರೂ ಎಮ್ರಿಸ್‌ನನ್ನು ನೋಡಿದರು. ಅವನು ತಲೆತಗ್ಗಿಸಿ ಇಳಿಯಹೊರಟ. ಯಜ್ಞೇಶ ಅವನ ತೋಳು ಹಿಡಿದ. ಇವನು ಹೋದರೆ ಉಳಿಯುವುದು ಆರು ಸೌತೆಕಾಯಿ. ಅಣ್ಣುವಿಗೆ ಇಳಿ ಎನ್ನಬಹುದಿತ್ತು, ಕ್ಯಾಪ್ಟನ್ ಮಾತು ಯಾರೂ ಮೀರುತ್ತಿರಲಿಲ್ಲ. ಅಣ್ಣು ಆಗಲೇ ಬೇರೆ ಕಡೆ ನೋಡುತ್ತಿದ್ದ.

"ನನ್ನ ಮಂಡಿ ಸರಿ ಇಲ್ಲ ಮಾರ್ರೆ," ಎಂದು ಯಜ್ಞೇಶನೇ ಇಳಿದ. ಇಳಿದ ಮೇಲೆ ಹೊಟ್ಟೆ ಉರಿಯಿತು.

ಫೈನಲ್‌ನಲ್ಲಿ ಎಮ್ರಿಸ್ ಹಗ್ಗದ ತುದಿ ಹೆಗಲಿಗೆ ಸುತ್ತಿಕೊಂಡು ಹಿಂದಕ್ಕೆ ವಾಲಿ ಸುಮ್ಮನೆ ನಿಂತ. ಎದುರಿನವರು ಎಳೆದರು, ಬೈದರು, ದೇವರನ್ನು ಕರೆದರು. ಅವರಿಗೆ ಸುಸ್ತಾದ ಮೇಲೆ ಯಜ್ಞೇಶ ಗೆರೆಯಾಚೆಯಿಂದ "ಯಲ್ಲಾ, ಎಳೆಯಿರಿ!" ಎಂದು ಕೂಗಿದ. ಬಳಗ ಗೆದ್ದಿತು.

ಯಜ್ಞೇಶನೂ ಚಪ್ಪಾಳೆ ತಟ್ಟಿದ. ಅಳು ಬಂತು, ಎಲ್ಲರೂ ಅದನ್ನು ಖುಷಿಯದ್ದು ಅಂದುಕೊಂಡರು. ಅಷ್ಟರಲ್ಲಿ ಅಣ್ಣು ಏಳನೆಯ ಪದಕ ಹಿಡಿದು ಓಡಿ ಬಂದ. "ಕ್ಯಾಪ್ಟನ್‌ಗೆ ಹಾಕುವ!"

"ಬೇಡ," ಎಂದು ಎಮ್ರಿಸ್ ಇಂಗ್ಲಿಷಿನಲ್ಲಿ ಗದರಿದ. ಅಣ್ಣುವಿನ ಕೈ ಅಲ್ಲೇ ನಿಂತಿತು.

ಎಮ್ರಿಸ್ ಯಜ್ಞೇಶನನ್ನು ಪಕ್ಕಕ್ಕೆ ಕರೆದ. "ನನ್ನ ಕೊನೆಯ ವರ್ಷ ಕ್ಲಬ್ ಕಪ್ ಗೆದ್ದಿತು. ನನ್ನನ್ನು ಆಡಿಸಲಿಲ್ಲ, ಕೋಟು ಹಾಕಿ ಹೊರಗೆ ನಿಂತಿದ್ದೆ. ನನಗೂ ಒಂದು ಪದಕ ಹಾಕಿದರು. ಇವತ್ತಿಗೂ ಆ ಪದಕದ ಡಬ್ಬಿ ತೆರೆದಿಲ್ಲ."

ಎಮ್ರಿಸ್ ಮರಳಿನ ಮೇಲೆ ಬಿದ್ದಿದ್ದ ಹಗ್ಗದ ಒಂದು ತುದಿಯನ್ನು ಯಜ್ಞೇಶನ ಕೈಗೆ ಕೊಟ್ಟು, ಇನ್ನೊಂದು ತುದಿಗೆ ನಡೆದುಹೋಗಿ ತಿರುಗಿ ನಿಂತ.

"ಎಳೆ."

ಬಳಗದವರು ನಗುತ್ತಾ ಸುತ್ತ ಸೇರಿದರು. ಯಜ್ಞೇಶ ಹಿಮ್ಮಡಿ ಊರಿ, ಹಲ್ಲು ಕಚ್ಚಿ, ಮಂಡಿಯನ್ನು ಮರೆತು ಎಳೆದ. ಎಮ್ರಿಸ್ ಒಂದಿಂಚೂ ಬಿಟ್ಟುಕೊಡಲಿಲ್ಲ. ಕರುಣೆ ತೋರಿಸಿ ಒಂದು ಹೆಜ್ಜೆಯಾದರೂ ಮುಂದೆ ಬರುತ್ತಾನೇನೋ ಎಂದು ಎಲ್ಲರೂ ಕಾದರು, ಬರಲಿಲ್ಲ. ಕೊನೆಗೆ ಯಜ್ಞೇಶನನ್ನು ಮರಳಿನ ಮೇಲೆ ದರದರನೆ ಎಳೆದುಕೊಂಡು ಹೋದ. ಯಜ್ಞೇಶ ಮುಗ್ಗರಿಸಿ ಬಿದ್ದ, ಹಗ್ಗ ಬಿಡಲಿಲ್ಲ.

"ಇನ್ನೊಮ್ಮೆ," ಎಂದ.