ಚಾಪೆಯ ಅಂಚು ಹೇಳಿದ ಹೆಸರು

ಮದುವೆ ಶನಿವಾರ. ಸೋಮವಾರ ಬಂದರೂ ಬಟ್ಟೆ ಬಂದಿರಲಿಲ್ಲ.

ನಮ್ಮಲ್ಲಿ ಮದುವೆಯೆಂದರೆ ಹೆಣ್ಣಿನ ಕಡೆಯವರೆಲ್ಲ ಒಂದೇ ಬಣ್ಣದ, ಒಂದೇ ಚಿತ್ತಾರದ ಬಟ್ಟೆ ತೊಡಬೇಕು. ಅದಕ್ಕೆ ಕಲವತ ಎನ್ನುತ್ತೇವೆ. ಹಾಲು ಕುಡಿಯುವ ಕೂಸಿನಿಂದ ಹಲ್ಲಿಲ್ಲದ ಮುದುಕನವರೆಗೆ ಎಲ್ಲರೂ ಒಂದೇ ಥಾನಿನಿಂದ ಕತ್ತರಿಸಿ ತೆಗೆದವರಂತೆ ಕಾಣಬೇಕು. ನನ್ನ ಮೊಮ್ಮಗಳು ರೈಜೇಲಿಯ ಮದುವೆಗೆ ನಮ್ಮ ಕಡೆ ಮೂವತ್ತೆರಡು ಮಂದಿ. ಬಟ್ಟೆ ತರುವ ಹೊಣೆಯನ್ನು ಎಲ್ಲರೂ ಸೇರಿ ನನ್ನ ತಲೆಗೆ ಕಟ್ಟಿದ್ದರು. ನಮ್ಮ ದ್ವೀಪದ ಸುವಾ ಪೇಟೆಯ ಮಾರುಕಟ್ಟೆಯಲ್ಲಿ ನಲವತ್ತು ವರ್ಷ ಕೆಸುವಿನ ಗಡ್ಡೆ, ಮರಗೆಣಸು ಮಾರಿದ ಈ ಅಕನೀಸಿಗೆ ಯಾರೂ ಟೋಪಿ ಹಾಕಲಾರರು ಎಂಬುದು ಅವರ ನಂಬಿಕೆ.

ಪೇಟೆಯ ಅಂಗಡಿಗಳಲ್ಲಿ ಮೀಟರಿಗೆ ಹನ್ನೆರಡು ಡಾಲರ್ ಹೇಳುತ್ತಿದ್ದರು. ರೈಜೇಲಿ ಫೋನಿನಲ್ಲಿ ಬೇರೊಂದು ಅಂಗಡಿ ತೋರಿಸಿದಳು. ಹೆಸರು ದ್ವೀಪರಾಣಿ. ಕಡುನೀಲಿ ಬಟ್ಟೆ, ಮೇಲೆ ಬಿಳಿಯ ದೀವಿಹಲಸಿನ ಎಲೆಗಳು. ಮೀಟರಿಗೆ ಒಂಬತ್ತು ಡಾಲರ್ ಎಂದು ದಪ್ಪಕ್ಷರದಲ್ಲಿತ್ತು.

"ಬೂಬೂ, ಇದೇ ಇರ್ಲಿ," ಎಂದಳು. ಅಜ್ಜಿಯನ್ನು ನಮ್ಮಲ್ಲಿ ಕರೆಯುವುದು ಹಾಗೆ.

"ಇರ್ಲಿ ತಾಯಿ. ಮೊದ್ಲು ಪೂರ್ತಿ ಓದ್ತೀನಿ, ಕೊಡು."

ನಾನು ಅಕ್ಷರ ಕಲಿತದ್ದು ಕೂದಲು ನರೆತ ಮೇಲೆ, ಸಂಜೆಯ ಶಾಲೆಯಲ್ಲಿ. ಓದುವುದು ನಿಧಾನ, ಆದರೆ ಒಂದು ಸಾಲನ್ನೂ ಬಿಡುವವಳಲ್ಲ. ಪದದ ಕೆಳಗೆ ಬೆರಳಿಟ್ಟು ಸರಿಸುತ್ತ ಹೋಗುವುದು ನನ್ನ ಪದ್ಧತಿ. ಮೊಮ್ಮಗಳು ಎಪ್ಪತ್ತು ಮೀಟರ್ ಎಂದು ತುಂಬಿಸಿ, ತನ್ನ ಕಾರ್ಡಿನ ಸಂಖ್ಯೆಯನ್ನೂ ಹಾಕಿ ಕೊಟ್ಟಳು. ಒಂದು ಪುಟ ಮುಗಿಯಿತು, ಎರಡು ಮುಗಿಯಿತು. ಮೂರನೆಯ ಪುಟದಲ್ಲಿ ಸಣ್ಣಕ್ಷರದ ಸಾಲುಗಳು ಇರುವೆಗಳಂತೆ ಎದ್ದು ಬಂದವು. ಕಟ್ಟುವ ಶುಲ್ಕ. ಎತ್ತಿಡುವ ಶುಲ್ಕ. ದ್ವೀಪ ಸೇವಾ ಶುಲ್ಕ. ಇದೇನಪ್ಪ, ದ್ವೀಪ ಬಿಟ್ಟು ನಾವು ಇನ್ನೆಲ್ಲಿದ್ದೇವೆ ಎಂದುಕೊಳ್ಳುತ್ತ ಬೆರಳನ್ನು ಕೊನೆಯ ಪದದವರೆಗೆ ಎಳೆದೆ. ಆ ಕೊನೆಯ ಪದ ಪದವಾಗಿರಲಿಲ್ಲ, ಗುಂಡಿಯಾಗಿತ್ತು. ಫೋನು ಜುಮ್ಮೆಂದು ನಡುಗಿ, ಖರೀದಿಸಿದ್ದಕ್ಕೆ ಧನ್ಯವಾದ ಹೇಳಿತು. ಒಂಬತ್ತರ ಬಟ್ಟೆ ಹದಿಮೂರಕ್ಕೆ ನಮ್ಮದಾಗಿತ್ತು.

ನನ್ನ ಗಂಡನ ತಂಗಿ ತಾರಾಈವೀನಿ ಪಕ್ಕದಲ್ಲೇ ಕೂತಿದ್ದಳು. ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಬೇರೆಯೋರು ಓದ್ದೆ ಮೋಸ ಹೋಗ್ತಾರೆ. ನಮ್ಮ ಅತ್ತಿಗೆ ಓದಿ ಓದಿ ಹೋದ್ಳು!"

"ನಗು ನಗು. ಬಟ್ಟೆ ಬರ್ದಿದ್ರೆ ನಿನ್ನ ಹಳೇ ಪರದೆ ಬಿಚ್ಚಿ ನಿನಗೇ ಉಡಿಸ್ತೀನಿ."

ಬಟ್ಟೆ ಬರಲಿಲ್ಲ, ಸಂದೇಶ ಬಂತು. ಸೋಮವಾರ ಬೆಳಿಗ್ಗೆ. ನಿಮ್ಮ ಗಂಟು ಸಿದ್ಧವಾಗಿದೆ, ಬಿಡುಗಡೆ ಶುಲ್ಕ ಅರವತ್ತು ಡಾಲರ್ ಕಳಿಸಿದರೆ ತಲುಪಿಸುತ್ತೇವೆ. ವಿಳಾಸವಿಲ್ಲ, ಫೋನ್ ಸಂಖ್ಯೆಯಿಲ್ಲ. ನೀವು ಯಾರು ಎಂದು ಕೇಳಿ ಬರೆದರೆ 'ನಿಮ್ಮ ಮಾತು ನಮಗೆ ಅಮೂಲ್ಯ' ಎಂಬ ಉತ್ತರ. ಮತ್ತೆ ಬರೆದರೆ ಮತ್ತೆ ಅದೇ. ಅತ್ತ ದರ್ಜಿ ರಾಮ್‌ಲಗನ್ ಮಾಸ್ತರರು ಖಂಡಿತವಾಗಿ ಹೇಳಿಬಿಟ್ಟಿದ್ದರು: "ಮಂಗಳವಾರ ಸಂಜೆಯೊಳಗೆ ಥಾನು ನನ್ನ ಮೇಜಿನ ಮೇಲಿರ್ಬೇಕು ಅಕ್ಕಾ. ಬುಧವಾರ ತಂದ್ರೆ ಅರ್ಧ ಜನಕ್ಕೆ ಬರೀ ತೋಳು ಹೊಲಿದು ಕೊಡ್ತೀನಿ."

ಗಂಡಿನ ಕಡೆಯವರು ಅಚ್ಚುಕಟ್ಟಾಗಿ ಒಂದೇ ಹಳದಿಯಲ್ಲಿ ನಿಂತಿರುವಾಗ ನಾವು ಕೈಗೆ ಸಿಕ್ಕಿದ್ದನ್ನು ಸುತ್ತಿಕೊಂಡು ನಿಲ್ಲುವ ಚಿತ್ರ ರೈಜೇಲಿಯ ಕಣ್ಣಲ್ಲಿತ್ತು. ಅರವತ್ತು ಡಾಲರ್ ಕೊಟ್ಟುಬಿಡೋಣ ಎಂದಳು. ಕೊಟ್ಟರೆ ನಾಳೆ ಇನ್ನೊಂದು ಶುಲ್ಕ ಹುಟ್ಟುವುದಿಲ್ಲ ಎಂದು ಹೇಳುವವರು ಯಾರು? ಮಾರುಕಟ್ಟೆಯಲ್ಲಿ ನನ್ನ ಗಡ್ಡೆ ಕೊಳೆತಿದ್ದರೆ ಗಿರಾಕಿ ಮರುದಿನ ಬಂದು ನನ್ನ ಮುಖದೆದುರು ಹಿಡಿಯುತ್ತಾನೆ. ಇಲ್ಲಿ ಹಿಡಿಯಲು ಮುಖವೇ ಇಲ್ಲ.

ಫೋನನ್ನು ತೊಡೆಯ ಮೇಲಿಟ್ಟುಕೊಂಡು, ಈ ಸಲ ಬೆರಳು ತಾಗಿಸದೆ, ಆ ಬಟ್ಟೆಯ ಚಿತ್ರವನ್ನೇ ನೋಡುತ್ತ ಕೂತೆ. ಎಷ್ಟೋ ಹೊತ್ತಿನ ಮೇಲೆ ಕಣ್ಣು ಬಟ್ಟೆಯಿಂದ ಜಾರಿ ಅದರ ಕೆಳಗೆ ಹಾಸಿದ್ದ ಕೇದಗೆ ಎಲೆಯ ಚಾಪೆಯ ಮೇಲೆ ನಿಂತಿತು. ಮೂಲೆಯಲ್ಲಿ ಒಂದು ಗೇಣು ಮಾತ್ರ ಕಾಣುತ್ತಿತ್ತು. ಅಂಚಿನಲ್ಲಿ ಕಪ್ಪೆಳೆಯ ಏಡಿಕಾಲಿನ ನೇಯ್ಗೆ, ಅದರಾಚೆ ಕೆಂಪು ಹಸಿರು ಉಣ್ಣೆಯ ಕುಚ್ಚು, ಮೂರು ಸಾಲು. ಏಡಿಕಾಲನ್ನು ಮೂರು ಸಾಲು ಕುಚ್ಚಿನ ಜೊತೆ ನೇಯುವ ಹೆಂಗಸರು ಒಂದೇ ಊರಿನಲ್ಲಿರುವುದು.

"ತಾರಾ, ಈ ದ್ವೀಪರಾಣಿ ವುನಿಕೋರೋದವಳು!"

ತಾರಾಈವೀನಿ ಕೈಲಿದ್ದ ಬಟ್ಟಲನ್ನು ಕೆಳಗಿಟ್ಟಳು. ಅವಳ ಮುಖದ ಮೇಲೆ ಹಬ್ಬ ಮೂಡಿತು. "ನಮ್ಮ ತೌವು?"

ನಮ್ಮ ಊರು ನಾವೇರೆ. ನಾವೇರೆಗೂ ವುನಿಕೋರೋಗೂ ಮೂಲಪುರುಷ ಒಬ್ಬನೇ. ಅಂಥ ಎರಡು ಊರಿನವರು ಒಬ್ಬರಿಗೊಬ್ಬರು ತೌವು. ತೌವುಗಳು ಎದುರಾದಲ್ಲಿ ಬಾಯಿಗೆ ಬಂದಂತೆ ಬೈಯಬಹುದು, ಮನೆಗೆ ನುಗ್ಗಿ ಬೇಕಾದ್ದನ್ನು ಎತ್ತಿಕೊಂಡು ಹೋಗಬಹುದು. ಸಿಟ್ಟು ಮಾಡುವ ಹಾಗಿಲ್ಲ. ಸಿಟ್ಟು ಮಾಡಿದವರು ಸತ್ತ ಹಿರಿಯರಿಗೆ ಉತ್ತರ ಕೊಡಬೇಕು.

ಮಾರುಕಟ್ಟೆಯಲ್ಲಿ ಏಡಿ ಮಾರುವ ವುನಿಕೋರೋದ ಹೆಂಗಸೊಬ್ಬಳಿದ್ದಾಳೆ. ದ್ವೀಪರಾಣಿ ಯಾರು ಎಂದು ನಾವು ಹೋಗಿ ಕೇಳಿದಾಗ ಅವಳು ಮೊದಲು ತುಟಿ ಬಿಗಿದಳು. ಅವಳ ಏಡಿಬುಟ್ಟಿಯನ್ನು ತಾರಾಈವೀನಿ ತೌವಿನ ಹಕ್ಕಿನಿಂದ ಎತ್ತಿ ತಲೆಯ ಮೇಲೆ ಇಟ್ಟುಕೊಂಡ ಕೂಡಲೇ ತುಟಿ ಬಿಚ್ಚಿತು. "ಉನಾಈಸಿ ಅಂತ. ನೌಸೋರಿ ರಸ್ತೇಲಿ, ಚರ್ಚಿನ ಹಿಂದಿನ ಹಸಿರು ತಗಡಿನ ಮನೆ. ನಾನು ಹೇಳ್ದೆ ಅನ್ಬೇಡ್ರೇ, ಬುಟ್ಟಿ ಇಳಿಸ್ರೇ!"

ಮಂಗಳವಾರ ಬೆಳಗಿನ ಬಸ್ಸಿಗೇ ಹೊರಟೆವು. ತೌವಿನ ಮನೆಯ ಬಾಗಿಲನ್ನು ಯಾರೂ ತಟ್ಟುವುದಿಲ್ಲ. ತಾರಾಈವೀನಿ ಅಂಗಳದಲ್ಲೇ ಗಂಟಲು ತೆರೆದಳು.

"ಏ ಏಡಿಕಳ್ಳಿ! ಈಚೆ ಬಾ! ನಿನ್ನ ಕೋಳಿ ನಮ್ಮನ್ನ ಕರೀತಿದೆ!"

ನಲವತ್ತರ ಆಸುಪಾಸಿನ ದಪ್ಪನೆಯ ಹೆಂಗಸು ಕುತ್ತಿಗೆಗೆ ಅಳತೆಯ ಟೇಪು ಹಾಕಿಕೊಂಡು ಹೊರಗೆ ಬಂದಳು. "ಯಾರಮ್ಮ ನೀವು? ಯಾರು ಬೇಕಿತ್ತು?"

"ದ್ವೀಪರಾಣಿ ಬೇಕಿತ್ತು," ಎಂದೆ ನಾನು. "ನಾವೇರೆಯಿಂದ ಪ್ರಜೆಗಳು ಬಂದಿದ್ದಾರೆ ಅಂತ ಹೇಳು."

ಉನಾಈಸಿ ಎರಡೂ ಕೈಯನ್ನು ಕೆನ್ನೆಗೆ ಹಚ್ಚಿಕೊಂಡಳು. ಕ್ಷಣ ಹೊತ್ತು ಬಣ್ಣಗೆಟ್ಟು, ಆಮೇಲೆ ತಡೆಯಲಾರದೆ ನಕ್ಕುಬಿಟ್ಟಳು. "ಅಯ್ಯೋ ದೇವ್ರೆ! ಸುವಾದಲ್ಲಿ ಇಷ್ಟು ಜನ ಇದ್ದಾರೆ, ಈ ಬಾವಲಿ ಮೂತಿಯೋರಿಗೇ ನಾನು ಬಟ್ಟೆ ಮಾರ್ಬೇಕಿತ್ತಾ!"

ತಾರಾಈವೀನಿ ಆಗಲೇ ಒಳಗಿದ್ದಳು. ಕೆಟಲ್ ಎತ್ತಿದಳು. "ಇದು ಬಾಗಿಲು ದಾಟಿದ ಶುಲ್ಕ." ಫ್ಯಾನಿನ ವೈರು ಕಿತ್ತಳು. "ಇದು ಬಿಸಿಲಲ್ಲಿ ನಡೆದ ಶುಲ್ಕ." ಗೋಡೆಗೆ ಒರಗಿಸಿದ್ದ ದೊಡ್ಡ ಬಾಣಲೆಯನ್ನು ತಿರುಗಿಸಿ ನೋಡಿದಳು. "ಇದು ಎತ್ತಿಡೋ ಶುಲ್ಕ. ಭಾರ ಇದೆ, ಅದಕ್ಕೆ ಸೌಟೂ ಸೇರುತ್ತೆ." ಅಂಗಳಕ್ಕೆ ಓಡಿ ಕಂದು ಬಣ್ಣದ ಕೋಳಿಯೊಂದನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಬಂದಳು. "ಇದು ಬಿಡುಗಡೆ ಶುಲ್ಕ. ನಿನ್ನ ಮನೆಯಿಂದ ಪಾಪ ಇದಕ್ಕೆ ಬಿಡುಗಡೆ."

"ಕೋಳಿ ಬೇಡ ಕಣೇ, ಅದು ಮೊಟ್ಟೆ ಇಡುತ್ತೆ!"

"ಅದನ್ನ ನೀನು ಮೊದಲನೇ ಪುಟದಲ್ಲೇ ಹೇಳ್ಬೇಕಿತ್ತು!"

ಉನಾಈಸಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಕ್ಕು ಸುಸ್ತಾಗಿ ಅದೇ ಏಡಿಕಾಲಿನ ಚಾಪೆಯ ಮೇಲೆ ಕುಸಿದು ಕೂತಳು. ನಮ್ಮ ನೀಲಿ ಬಟ್ಟೆಯ ಗಂಟು ಮೂಲೆಯಲ್ಲೇ ಇತ್ತು. ಅದನ್ನು ತಂದು ನನ್ನ ಮುಂದಿಟ್ಟಳು. ಕೆಟಲ್ಲನ್ನು ಕೇಳಿ ವಾಪಸು ಪಡೆದು ನಿಂಬೆ ಎಲೆಯ ಚಹಾ ಕಾಸಿಕೊಟ್ಟಳು.

"ಹೆಸರು ಯಾಕೆ ಮುಚ್ಚಿಟ್ಟೆ ಮಗಳೇ?" ಎಂದು ಕೇಳಿದೆ.

"ಮುಚ್ಚದೆ ಏನ್ ಮಾಡ್ಲಿ ಬೂಬೂ? ಮೊದ್ಲು ಇದೇ ಮನೆ ಮುಂದೆ ನನ್ನ ಹೆಸರಿನ ಬೋರ್ಡು ಹಾಕಿದ್ದೆ. ಚಿಕ್ಕಪ್ಪ ಬಂದ, ಅತ್ತೆ ಬಂದ್ರು, ಅತ್ತೆಯ ಸೊಸೆಯ ತಮ್ಮ ಬಂದ. ಎಲ್ಲರೂ ಪುಕ್ಕಟೆ ಕೇಳೋರೇ. ಕೇಳಿದ ನಂಟರಿಗೆ ಇಲ್ಲ ಅನ್ನೋಕೆ ನಮಗೆ ಬರುತ್ತಾ? ಒಂದು ತಿಂಗಳಲ್ಲಿ ಅಂಗಡಿ ಖಾಲಿ. ಬೋರ್ಡಿನ ಹಲಗೇನೂ ಭಾವ ಕೇಳ್ಕೊಂಡು ಹೋದ."

ನಗಬಾರದೆಂದುಕೊಂಡರೂ ನಗು ಬಂತು. ನಮ್ಮವರ ಕೇಳುವ ಬಾಯಿ ನನಗೆ ಗೊತ್ತಿಲ್ಲವೇ.

"ಅದು ಸರಿ. ಒಂಬತ್ತು ಅಂತ ತೋರಿಸಿ ಹದಿಮೂರು ಕಿತ್ತಿದ್ದು?"

"ಎಲ್ಲರೂ ಹಾಗೇ ಹಾಕ್ತಾರೆ. ನಾನೊಬ್ಳೇ ಹದಿಮೂರು ಅಂದ್ರೆ ಯಾರು ನೋಡ್ತಾರೆ?"

"ಅದೂ ಇರ್ಲಿ. ಈ ಬಿಡುಗಡೆ ಶುಲ್ಕ?"

ಅವಳು ಚಹಾದ ಲೋಟದೊಳಗೆ ನೋಡಿದಳು. "ಅದಕ್ಕೆ ಕಾರಣ ಇಲ್ಲ. ಒಂದ್ಸಲ ಕೇಳಿ ನೋಡ್ದೆ, ಕೊಟ್ರು. ಆಮೇಲೆ ಅಭ್ಯಾಸ ಆಯ್ತು."

ನಾನು ಚಹಾ ಮುಗಿಸಿದೆ.

"ನನಗೂ ನಂಟರಿದ್ದಾರೆ," ಎಂದೆ. "ಎಪ್ಪತ್ತು ಜನ ಇರ್ಬಹುದು. ಗಡ್ಡೇನ ಗುಡ್ಡೆ ಮಾಡಿ ಮುಂದೆ ಇಡ್ತೀನಿ, ಗುಡ್ಡೆಗೆ ಐದು ಡಾಲರ್ ಅಂತ ರಟ್ಟಿನ ಮೇಲೆ ಬರೀತೀನಿ. ಬೆನ್ನ ಹಿಂದೆ ಬೆಲೆ ಇಲ್ಲದ ಗುಡ್ಡೆ ಒಂದು ಇಟ್ಕೊಳ್ತೀನಿ. ಅದು ನಂಟರದ್ದು. ಕೇಳಿದೋರಿಗೆ ಅದರಿಂದ ಕೊಡ್ತೀನಿ. ಅದು ಮುಗಿದ ಮೇಲೆ ನಾನು ಇಲ್ಲ ಅನ್ನೋದೇ ಬೇಡ, ಬೆನ್ನ ಹಿಂದಿನ ಬರೀ ನೆಲ ತೋರಿಸ್ತೀನಿ. ಕಾಸು ಕೊಟ್ಟ ಗಿರಾಕಿಗೆ ಗುಡ್ಡೆ ಮೇಲೆ ಇನ್ನೊಂದು ಗಡ್ಡೆ ಇಡ್ತೀನಿ. ಅವನು ಬುಟ್ಟಿ ಕಟ್ಟಿದ ಮೇಲೆ ನಾನು ಸೇರಿಸೋದು ಅದೊಂದೇ. ನೀನೂ ಒಂದು ಥಾನು ನಂಟರಿಗೆ ಅಂತ ಬೇರೆ ಇಟ್ಬಿಡು. ಮಿಕ್ಕಿದ್ದಕ್ಕೆ ಹದಿಮೂರು ಅಂತ ಮೊದಲೇ ಬರಿ. ನಿನ್ನ ಹೆಸರು ಹಾಕು, ಊರು ಹಾಕು."

"ಹಾಕಿದ್ರೆ ನಾವೇರೆಯೋರೆಲ್ಲ ಬಂದು ಬಾಣಲೆ ಹೊತ್ಕೊಂಡು ಹೋಗ್ತಾರೆ."

"ಹೆಸರು ಹಾಕ್ದೆ ಇದ್ದಾಗ ಏನಾಯ್ತು?" ಎಂದು ತಾರಾಈವೀನಿ ಬಾಗಿಲಿಂದ ಕೂಗಿದಳು. ಕೋಳಿ ಅವಳ ಕಂಕುಳಲ್ಲೇ ಇತ್ತು.

ಉನಾಈಸಿ ಫೋನು ತೆಗೆದು ನನ್ನೆದುರೇ ಬರೆದಳು. ಬರೆದದ್ದನ್ನು ನನಗೆ ಓದಲು ಕೊಟ್ಟಳು. ನಾನು ಬೆರಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಓದಿದೆ. ಮೊದಲ ಪುಟದಲ್ಲಿ ಹದಿಮೂರು, ಕೊನೆಯ ಪುಟದಲ್ಲೂ ಹದಿಮೂರು. ಬಿಡುಗಡೆ ಶುಲ್ಕ ಹೋಗಿತ್ತು. ಉನಾಈಸಿ, ವುನಿಕೋರೋ, ಎಂದು ಮೇಲೆಯೇ ಇತ್ತು.

ಬಾಣಲೆ, ಫ್ಯಾನು, ಕೆಟಲ್ ಬಿಟ್ಟು ಬಂದೆವು. ಕೋಳಿಯನ್ನು ತಾರಾಈವೀನಿ ಬಿಡಲಿಲ್ಲ. ಮಧ್ಯಾಹ್ನಕ್ಕೆ ಥಾನು ರಾಮ್‌ಲಗನ್ ಮಾಸ್ತರರ ಮೇಜಿನ ಮೇಲಿತ್ತು. ಅಳೆದು ನೋಡಿದ ಮಾಸ್ತರರು ಹುಬ್ಬೇರಿಸಿದರು. ಎಪ್ಪತ್ತಲ್ಲ, ಎಪ್ಪತ್ತೆರಡು ಮೀಟರ್ ಇತ್ತು.

ಶನಿವಾರ ಚರ್ಚಿನ ಮುಂದೆ ಮೂವತ್ತೆರಡು ಮಂದಿ ಕಡುನೀಲಿಯಲ್ಲಿ ನಿಂತೆವು. ರೈಜೇಲಿ ನಮ್ಮ ಸಾಲನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿ, ನನ್ನ ಬೆರಳಿಗೆ ಮುತ್ತಿಟ್ಟಳು. ಅಷ್ಟರಲ್ಲಿ ಯಾರೋ ಮೂವತ್ಮೂರು ಎಂದು ಎಣಿಸಿದರು. ಅದೇ ನೀಲಿಯಲ್ಲಿ ಉನಾಈಸಿ ಬಂದು ಸಾಲಿನ ತುದಿಯಲ್ಲಿ ನಿಂತಿದ್ದಳು. ಯಾರೂ ಕರೆದಿರಲಿಲ್ಲ. ತೌವುಗಳನ್ನು ಕರೆಯಬೇಕಾಗಿಯೂ ಇಲ್ಲ.

ಊಟದ ಹೊತ್ತಿಗೆ, ಗಂಡಿನ ಕಡೆಯ ಹಿರಿಯರಿಗೆಂದು ತೆಗೆದಿಟ್ಟಿದ್ದ ಹಂದಿಯ ತೊಡೆಯನ್ನು ಅವಳು ತಟ್ಟೆಸಮೇತ ಎತ್ತಿಕೊಂಡು ಎಲ್ಲರೆದುರು ನಡೆದು ಹೋದಳು. ಗಂಡಿನ ಕಡೆಯವರು ಬೆರಗಾಗಿ ನೋಡಿದರು. ತಾರಾಈವೀನಿ ಎದ್ದು ನಿಂತು ಕೂಗಿದಳು.

"ಏಯ್ ಏಡಿಕಳ್ಳಿ, ಇದು ಯಾವ ಶುಲ್ಕವೇ?"

"ಕೋಳೀದು!" ಎಂದಳು ಉನಾಈಸಿ, ತಿರುಗಿ ನೋಡದೆ. "ಮೊದಲೇ ಹೇಳಿ ತಗೊಂಡು ಹೋಗ್ತಿದ್ದೀನಿ ನೋಡು!"