ಕೋಟು ನಂಬಿ ಬಂದವನು

ಫ್ರೀಜರ್ ಪೆಟ್ಟಿಗೆಯ ಗಾಜಿನ ಮುಚ್ಚಳವನ್ನು ಗೋಡೆಗೆ ಒರಗಿಸಿ, ಉದಯ್ ತನ್ನ ದೊಡ್ಡಪ್ಪನ ತಲೆಯ ಕೆಳಗೆ ಕೈ ತೂರಿಸಿದ. ಕಾಲಿನ ಕಡೆ ಪುರೋಹಿತರು ಹಿಡಿದಿದ್ದರು. ಸೊಂಟದ ಒಂದು ಬದಿಗೆ ಸತ್ತವರ ಭಾವಮೈದುನ ಸಂಜೀವ ನಿಂತಿದ್ದ. ಇನ್ನೊಂದು ಬದಿ ಖಾಲಿ.

“ದೊಡ್ಡಮ್ಮಾ, ಇನ್ನೊಬ್ರು ವೇಣುಮೇ, ನಾಲ್ಕು ಜನ ಬೇಕಲ್ಲ. ಎದುರು ಮನೆ ಅಂಕಲ್‌ನ ಕರೀಲಾ?”

“ಬೇಡ ಕಣೋ. ಬರೋರಾಗಿದ್ರೆ ಬಂದಿರೋರು,” ಎಂದರು ಜಲಜಾ.

ತಾಂಬರಂನ ಆ ಮಹಡಿಯಲ್ಲಿ ಬಾಗಿಲುಗಳೆಲ್ಲ ಮುಚ್ಚಿದ್ದವು. ಮೆಟ್ಟಿಲ ಬಳಿ ಬೆಳಗಿನಿಂದ ನಿಂತಿದ್ದ ಗಂಡಸೊಬ್ಬ ಚಪ್ಪಲಿ ಬಿಟ್ಟು ಒಳಗೆ ಬಂದ. “ನಾನು ಹಿಡೀತೀನ್ರೀ,” ಎಂದು ಬಗ್ಗಿದ.

ಆ ಮುಖವನ್ನು ಜಲಜಾ ಟೀವಿಯಲ್ಲಿ ಎಷ್ಟು ಸಲ ನೋಡಿದ್ದರೋ. ರವಿಕಿರಣ್.

* * *

ಕೆಲವು ವರ್ಷಗಳ ಹಿಂದೆ, ಗೋದಾವರಿಯಾಚೆಯ ಕಾಡಿನಲ್ಲಿ ರಸ್ತೆ ಮಾಡಿಸುತ್ತಿದ್ದ ಈ ಇಂಜಿನಿಯರನನ್ನು ಗೆರಿಲ್ಲಾಗಳು ಒತ್ತೆ ಇಟ್ಟುಕೊಂಡಿದ್ದರು. ಅಲ್ಲೇ ಚಿಕಿತ್ಸಾಲಯ ನಡೆಸುತ್ತಿದ್ದ ಸೇವಾತಂಡಕ್ಕೆ ಜಲಜಾರ ಗಂಡ ಡಾಕ್ಟರ್ ಹರಿಹರ ಹಿರಿಯರು. ತಂಡದ ನೀಲಿ ಪಟ್ಟಿಯ ಬಿಳಿ ಕೋಟು ತೊಟ್ಟು ಬಂದವರನ್ನು ಮಾತ್ರ ಗೆರಿಲ್ಲಾಗಳು ಒಳಗೆ ಬಿಡುತ್ತಿದ್ದರು.

ಒಂದು ದಿನ ಅಂಥದೇ ಕೋಟು ತೊಟ್ಟು ಪೊಲೀಸರು ಹೋದರು. ಒಂದೂ ಗುಂಡು ಹಾರಿಸದೆ ರವಿಕಿರಣನನ್ನು ಕರೆತಂದರು. ದೇಶವೆಲ್ಲ ಹೊಗಳಿತು. ಹರಿಹರ ಮಾತ್ರ ಪತ್ರಿಕೆಯವರ ಮುಂದೆ, “ಅವರು ಬದುಕಿ ಬಂದದ್ದು ಸಂತೋಷ. ಆದರೆ ನಮ್ಮ ಕೋಟು ತೊಟ್ಟದ್ದು ತಪ್ಪು. ನಾಳೆ ನಮ್ಮವರನ್ನು ಅಲ್ಲಿ ಯಾರು ನಂಬುತ್ತಾರೆ?” ಎಂದರು.

ಅಂದಿನಿಂದ ಅವರು ದೇಶದ್ರೋಹಿ. ಮಂತ್ರಿಯೊಬ್ಬರು ತಂಡವನ್ನು ಗೆರಿಲ್ಲಾಗಳ ದಲ್ಲಾಳಿ ಎಂದರು. ಮಳೆಗಾಲ ಹಿಡಿಯುವ ಮುಂಚೆ ಕಾಡುದಾರಿಯಲ್ಲಿ ತಂಡದ ಗಾಡಿಗೇ ಗುಂಡು ಬಿತ್ತು. ಚಾಲಕ ಅನಿಲ್ ಸತ್ತ. ಚಿಕಿತ್ಸಾಲಯ ಮುಚ್ಚಿತು. ತಾವು ಹೇಳಿದ್ದೇ ಆಯಿತೆಂದು ಹರಿಹರ ಎಲ್ಲೂ ಬಾಯಿಬಿಡಲಿಲ್ಲ. ತಾಂಬರಂಗೆ ಬಂದು, ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು ಲೋಕಲ್ ರೈಲುಗಳನ್ನು ನೋಡುತ್ತ ಕೂತರು. ಲಿಫ್ಟಿನಲ್ಲಿ ಅವರಿದ್ದರೆ ಜನ ಮೆಟ್ಟಿಲು ಹತ್ತುತ್ತಿದ್ದರು.

* * *

“ಅಕ್ಕಾ, ಹೆಂಗಸರು ಬರೋ ಹಾಗಿಲ್ಲ,” ಎಂದ ಸಂಜೀವ.

“ಇರೋರೇ ಇಷ್ಟು ಜನ. ನಾನೂ ಬರದಿದ್ರೆ ಅವರ ಜೊತೆ ಯಾರಿರ್ತಾರೋ?” ಎನ್ನುತ್ತ ಜಲಜಾ ಶವದ ವ್ಯಾನು ಹತ್ತಿದರು. ಉದಯ್, ಸಂಜೀವ, ಪುರೋಹಿತರು ಮುಂದೆ ಡ್ರೈವರನ ಪಕ್ಕ ಒತ್ತಿಕೊಂಡು ಕೂತರು. ಹಿಂದೆ ಹರಿಹರರ ಆಚೆ ಬದಿಗೆ ರವಿಕಿರಣ್.

ಸ್ವಲ್ಪ ದೂರ ಹೋದ ಮೇಲೆ ಜಲಜಾ ಕೇಳಿದರು. “ಡಾಕ್ಟರಿಗೆ ನನ್ನ ಪ್ರಾಣಕ್ಕಿಂತ ಕೋಟೇ ಹೆಚ್ಚಾಯ್ತಾ ಅಂತ ಟೀವೀಲಿ ಕೇಳಿದ್ದು ನೀವೇ ಅಲ್ವಾ?”

“ಹೌದ್ರೀ ಅಮ್ಮಾ. ಈಗ್ಲೂ ಅದನ್ನೇ ಕೇಳ್ತೀನಿ. ನಾನು ಮನೀಗೆ ಬಂದ ಮ್ಯಾಲೆ ಮಗಳು ಹುಟ್ಟಿದ್ಲು. ತಪ್ಪಾಯ್ತು ಅಂತ ಹೆಂಗ ಅನ್ನಲಿ?”

“ಮತ್ತೆ ಬಳ್ಳಾರಿಯಿಂದ ಇಲ್ಲೀತನಕ ಯಾಕೆ ಬಂದ್ರಿ?”

ಅವನು ಹರಿಹರರ ಮುಖ ನೋಡಿದ. “ಕಾಡಿನ್ಯಾಗ ನನ್ನ ಕಾಲು ಕೊಳೀತಿತ್ತು. ಇವರು ನಡಕೊಂಡು ಬಂದು, ತೊಳದು, ಔಷಧ ಹಾಕಿ ಹೋಗೋರು. ಆ ಕೋಟು ಕಂಡ್ರ ಜೀವ ಬರ್ತಿತ್ತು. ಬಿಡಿಸಾಕ ಬಂದ ದಿನಾನೂ ಇವರೇ ಕಳಿಸ್ಯಾರ ಅನ್ಕೊಂಡು ಗಾಡಿ ಹತ್ತಿದೆ. ಗಾಡಿ ತುಂಬ ಇವರನ್ನ ಹುಡುಕಿದೆ.”

ಜಲಜಾ ಗಂಡನ ಹೊದಿಕೆಯ ಅಂಚು ಸರಿಮಾಡಿದರು.

“ನಿಮ್ಮನ್ನ ಒಂದು ಸಲ ನೋಡ್ಬೇಕು ಅಂತಿದ್ರು. ಬಯ್ತೀರೇನೋ ಅಂತ ಬರ್ಲಿಲ್ಲ.”

“ಬಯ್ತಿದ್ದೆರೀ,” ಎಂದ ರವಿಕಿರಣ್. “ಬಯ್ದು, ಊಟಕ್ಕ ಕೂಡಿಸ್ತಿದ್ದೆ.”

ರೈಲು ಹಳಿಯ ಕೆಳಗಿನ ಸಬ್‌ವೇಗೆ ವ್ಯಾನು ಒಮ್ಮೆಲೇ ಇಳಿಯಿತು. ಚಟ್ಟ ಜಾರಿತು. ಇಬ್ಬರೂ ಒಟ್ಟಿಗೇ ಬಗ್ಗಿ, ಆ ಬದಿಯಿಂದ ಅವನೂ ಈ ಬದಿಯಿಂದ ಜಲಜಾರೂ, ಹರಿಹರರ ಎರಡು ಭುಜ ಒತ್ತಿ ಹಿಡಿದರು. ದಾರಿ ಸಮವಾದ ಮೇಲೂ ಯಾರೂ ಕೈ ತೆಗೆಯಲಿಲ್ಲ.