ಹೊಂಗಣ್ಣಿನ ಬಾತು

ಬಾತುಕೋಳಿಯನ್ನು ಕೋಟಿನೊಳಗೆ ಅವುಚಿಕೊಂಡು ಹೇಮಶ್ರೀ ಫ್ಯೂನರಲ್ ಹೋಮಿನ ಬಾಗಿಲು ದಾಟುವಷ್ಟರಲ್ಲಿ ಗುಂಡಿಗಳ ಸಂದಿಯಿಂದ ಅದರ ಕೊಕ್ಕು ಹೊರಗಿಣುಕಿತು. ಅಣ್ಣ ಶ್ರೀಕಂಠ ಕಂಡೇಬಿಟ್ಟ.

"ಏನದು?"

"ಬಾತು."

"ಅವ್ವನ್ನ ಕಳಸಾಕ ಬಂದಲ್ಲಿ ಬಾತುಕೋಳಿ ತಂದೀಯೇನ?"

"ಕಟ್ಟಿಗೀದು, ಅಣ್ಣಾ."

"ಕಟ್ಟಿಗೀದಂತ ನಂಗೂ ಗೊತ್ತೈತಿ. ಬ್ಯಾಟಿ ಸಾಮಾನು ಅದು. ಕನ್ನಡ ಸಂಘದಾವ್ರೆಲ್ಲಾ ಬರ್ತಾರ, ಏನಂದಾರು? ಒಯ್ದು ಕಾರಿನ್ಯಾಗ ಇಡು."

ಹೇಮಶ್ರೀ ಇಡಲಿಲ್ಲ. ಒಳಗೆ ಹೋಗಿ, ಅವ್ವ ಮಲಗಿದ್ದ ಪೆಟ್ಟಿಗೆಯ ಪಕ್ಕದ ಕುರ್ಚಿಯಲ್ಲಿ ಕೂತು, ಬಾತನ್ನು ತೊಡೆಯ ಮೇಲಿಟ್ಟು ಸೆರಗು ಮುಚ್ಚಿದಳು. ಹಸಿರು ಮಿಂಚಿನ ಕಪ್ಪು ತಲೆ, ಕೊಕ್ಕಿನ ಬುಡದಲ್ಲಿ ದುಂಡನೆಯ ಬಿಳಿ ಮಚ್ಚೆ, ಬೆಳ್ಳನೆಯ ಪಕ್ಕೆ. ಬಣ್ಣವೆಲ್ಲ ಮುಗಿದಿತ್ತು. ಕಣ್ಣಿರಬೇಕಾದ ಕಡೆ ಮಾತ್ರ ಎರಡು ಬೋಳು ಚುಕ್ಕೆ.

ಆಸ್ಪತ್ರೆಯಲ್ಲಿ ಅವ್ವ ಲೀಲಮ್ಮ ಕೊನೆಗೆ ಸರಿಯಾಗಿ ಆಡಿದ ಮಾತೆಂದರೆ ಅದೇ. "ಹೇಮಾ, ನಂದು ಕಣ್ಣು ಮುಚ್ಚಿತು ಅಂದ್ರ ಅದರ ಕಣ್ಣು ನೀನ ತೆರಿ. ನನ್ನ ಸುಡೂಕಿಂತ ಮೊದಲ. ಅರ್ಧಂಬರ್ಧ ಬಿಟ್ಟು ಹೋದೆ ಅನ್ನಸಬ್ಯಾಡ."

ಎರಡು ಗಂಟೆಗೆ ದಹನ. ಈಗ ಹನ್ನೊಂದೂವರೆ. ಬೆಳಿಗ್ಗೆ ಅಡುಗೆಮನೆಯ ಮೇಜಿನ ಮೇಲೆ ಮೂರು ಸಲ ಕುಂಚ ಕೈಗೆತ್ತಿಕೊಂಡಿದ್ದಳು, ಮೂರು ಸಲವೂ ಬಣ್ಣಕ್ಕದ್ದದೆ ಕೆಳಗಿಟ್ಟಿದ್ದಳು. ಕುಂಚ, ಎರಡು ಪುಟ್ಟ ಬಣ್ಣದ ಶೀಶೆ ಈಗ ಪರ್ಸಿನಲ್ಲಿದ್ದವು.

*

ಕಿನ್ನಾಳದಲ್ಲಿ ಲೀಲಮ್ಮನ ತವರಿನವರು ಮರದ ದೇವರು, ಗೊಂಬೆ ಮಾಡುವವರು. ಹುಣಸೆಬೀಜ ಅರೆದು ಅಂಟಿನ ಸರಿ ಕಾಯಿಸುವುದು, ಮರ ಉಜ್ಜುವುದು, ದೇವಿಯ ಸೀರೆಗೆ ಬಣ್ಣ ತುಂಬುವುದು ಹೆಂಗಸರ ಕೆಲಸ. ಕಣ್ಣು ಮಾತ್ರ ಗಂಡಸರದು. ಕಣ್ಣು ತೆರೆಯುವ ದಿನ ಆ ಮನೆಯ ಹೆಂಗಸರು ಪಡಸಾಲೆಗೆ ಕಾಲಿಡುವಂತಿರಲಿಲ್ಲ.

ಹತ್ತು ವರ್ಷದ ಹೇಮಶ್ರೀ ಬೇಸಿಗೆ ರಜೆಗೆ ಹೋದಾಗ, ಮೂಲೆಗೆ ಬಿದ್ದಿದ್ದ ಗಿಳಿಯೊಂದಕ್ಕೆ ಕಣ್ಣು ಬರೆದಳು. ಅಜ್ಜ ಬೈಯಲಿಲ್ಲ, ಹೊಡೆಯಲಿಲ್ಲ. ಒದ್ದೆ ಅರಿವೆ ತಂದು ಕಣ್ಣೆರಡನ್ನೂ ಒರೆಸಿ ಗಿಳಿಯನ್ನು ಅವಳ ಕೈಗೇ ಕೊಟ್ಟ. ಹಿತ್ತಿಲಲ್ಲಿ ಅವ್ವ ಬೀಜ ಅರೆಯುತ್ತಿದ್ದ ಸದ್ದು ಒಮ್ಮೆ ನಿಂತಿತು. ಆಮೇಲೆ ಮತ್ತೆ ಶುರುವಾಯಿತು.

ಅಂದಿನಿಂದ ಹೇಮಶ್ರೀ ಕುಂಚ ಮುಟ್ಟಿರಲಿಲ್ಲ.

*

ಜನ ಬರತೊಡಗಿದರು. ಸಂಘದ ಸೌಮ್ಯಾ ಹೂವಿಟ್ಟು ಬಂದು ಪಕ್ಕದಲ್ಲಿ ಕೂತಳು.

"ಪಾಪ, ಆಂಟಿ ತುಂಬಾ ಸೈಲೆಂಟು ಕಣ್ರೀ. ಯುಗಾದಿಗೆ ಕರೆದ್ರೂ ಬರ್ತಿರ್ಲಿಲ್ಲ. ಯಾವಾಗ್ಲೂ ಬೇಸ್‌ಮೆಂಟಲ್ಲೇ ಅಂತೆ? ಈ ದೇಶದಲ್ಲಿ ವಯಸ್ಸಾದೋರ್ಗೆ ಲೋನ್ಲಿನೆಸ್ಸೇ ದೊಡ್ಡ ಪ್ರಾಬ್ಲಮ್ಮು."

"ಅವ್ವಗ ಪುರಸೊತ್ತ ಇರ್ತಿದ್ದಿಲ್ರೀ," ಎಂದಳು ಹೇಮಶ್ರೀ.

ಸೌಮ್ಯಾ ಕನಿಕರದಿಂದ ಅವಳ ಕೈ ತಟ್ಟಿದಳು.

ಅಷ್ಟರಲ್ಲಿ ಬಾಗಿಲ ಬಳಿ ಗುಜುಗುಜು. ಮೊದಲು ಬಂದವನು ಮಾಲ್ಟನ್ನಿನಲ್ಲಿ ಹೇಮಶ್ರೀಯ ಪಕ್ಕದ ಮನೆಯ ಗಾರ್ಡನ್, ಎಂಬತ್ತೆರಡರ ಮುದುಕ, ಕೋಲೂರಿಕೊಂಡು. ಹಿಂದೆ ಒಬ್ಬೊಬ್ಬರಾಗಿ ಹತ್ತಾರು ಮುದುಕರು. ಕೆಲವರು ಹಳೆಯ ಸೂಟಿನಲ್ಲಿ, ಕೆಲವರು ಎಲೆಬಣ್ಣದ ಬೇಟೆ ಜಾಕೆಟ್ಟಿನಲ್ಲಿ. ಎಲ್ಲರ ಕಂಕುಳಲ್ಲೂ ಒಂದೊಂದು ಮರದ ಬಾತುಕೋಳಿ.

"ಓ ಗಾಡ್," ಎಂದಳು ಸೌಮ್ಯಾ.

"ಅಮ್ಮಾ," ಹೇಮಶ್ರೀಯ ಮಗಳು ಸಂಜನಾ ಪಿಸುಗುಟ್ಟಿದಳು, "ದಟ್ಸ್ ಅಜ್ಜೀಸ್ ಗ್ಯಾಂಗ್."

*

ಒಂಬತ್ತು ವರ್ಷದ ಹಿಂದೆ ಗಾರ್ಡನ್ ಗರಾಜು ಖಾಲಿ ಮಾಡುತ್ತಿದ್ದಾಗ ಬಣ್ಣ ಸಿಪ್ಪೆಯೆದ್ದ ಮರದ ಬಾತುಗಳ ಪೆಟ್ಟಿಗೆಯೊಂದು ಬಯಲಿಗೆ ಬಂತು. ನೀರಿನ ಮೇಲೆ ತೇಲಿಬಿಟ್ಟರೆ ಹಾರುವ ಬಾತುಗಳು ಇವನ್ನು ತಮ್ಮವೆಂದು ನಂಬಿ ಇಳಿಯುತ್ತವೆ; ಇಳಿದರೆ ಕೋವಿ ಕಾದಿರುತ್ತದೆ. ಅಷ್ಟು ತಿಳಿದುಕೊಂಡ ಮೇಲೂ ಲೀಲಮ್ಮ ಒಂದನ್ನೆತ್ತಿ ಬೆನ್ನು ಸವರಿ, ಕೈಸನ್ನೆಯಲ್ಲೇ ಕೇಳಿ, ಮನೆಗೆ ತಂದಳು. ವಾರದ ನಂತರ ಮರಳಿಸಿದಾಗ ಬಾತು ಕನ್ನಡಿಯಂತೆ ಹೊಳೆಯುತ್ತಿತ್ತು. ಕಾಡಿಗೆ ತೀಡಿದ ಉದ್ದನೆಯ ದೇವಿಯ ಕಣ್ಣು ಬೇರೆ.

ಗಾರ್ಡನ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಇದನ್ನು ನೀರಿಗೆ ಬಿಟ್ಟರೆ ಬಾತುಗಳು ಬರುವುದಿಲ್ಲ ಲೀಲಾ, ಭಕ್ತರು ಬರುತ್ತಾರೆ, ಎಂದದ್ದನ್ನು ಹೇಮಶ್ರೀ ಕನ್ನಡಿಸಿ ಹೇಳಿದಳು. ಹೊಳಪು ಕಂಡರೆ ಹಕ್ಕಿ ಬೆದರುತ್ತದೆ; ಬಣ್ಣ ಮಂಕಾಗಿರಬೇಕು. ಇಷ್ಟು ವರ್ಷ ಹೊಳಪು ತರಿಸಲು ಉಜ್ಜಿದ ಕೈಗೆ ಹೊಳಪು ತೆಗೆಯುವುದನ್ನು ಕಲಿಯಲು ಒಂದು ಚಳಿಗಾಲ ಹಿಡಿಯಿತು. ಕಣ್ಣಿಗೆ ಎರಡು.

"ದೇವಿ ಕಣ್ಣು ನಮ್ಮನ್ನ ನೋಡ್ತೈತಿ," ಎಂದಿದ್ದಳು ಒಂದು ದಿನ, ಬೇಸ್‌ಮೆಂಟಿನ ದೀಪದ ಕೆಳಗೆ. "ಬಾತಿನ ಕಣ್ಣು ಯಾರನ್ನೂ ನೋಡಬಾರದು. ಇಲ್ಲಿ ಅಂಜಿಕಿ ಇಲ್ಲ, ಬರ್ರಿ, ಅನ್ನಬೇಕು. ಅಷ್ಟ."

ಗಾರ್ಡನ್ನನನ್ನು ಅವಳು ಕರೆಯುತ್ತಿದ್ದದ್ದು ಗೋವರ್ಧನ ಎಂದು. ಅವನಿಗೂ ಅವನ ಗೆಳೆಯರಿಗೂ ಅವಳದು ಒಂದೇ ಷರತ್ತು, ಅದನ್ನು ಅವಳೇ ಇಂಗ್ಲಿಷಿನಲ್ಲಿ ಹೇಳಿದ್ದಳು: "ಮೈ ಡಕ್, ನೋ ಗನ್." ಮಂಡಿ ಸವೆದು ಕೋವಿ ಬಿಟ್ಟಿದ್ದ ಮುದುಕರು ಕ್ಯಾಮೆರಾ ಹಿಡಿದರು. ಹಳೆಯ ಬಾತುಗಳ ಪೆಟ್ಟಿಗೆ ಹೊತ್ತ ಕಾರುಗಳು ದೂರದ ಕೆರೆದಂಡೆಯ ಊರುಗಳಿಂದಲೂ ಮನೆಯ ಮುಂದೆ ಬಂದು ನಿಲ್ಲತೊಡಗಿದವು.

*

ಮುದುಕರು ಒಬ್ಬೊಬ್ಬರೇ ತಲೆಬಾಗಿ, ಪೆಟ್ಟಿಗೆಯ ಸುತ್ತ ನೆಲದ ಮೇಲೆ ತಮ್ಮ ಬಾತನ್ನಿಟ್ಟರು. ಮಲ್ಲಿಗೆ, ಸೇವಂತಿಗೆಯ ನಡುವೆ ಬಾತುಗಳ ಹಿಂಡು. ಗಾರ್ಡನ್ ಹೇಮಶ್ರೀಯ ಮುಂದೆ ನಿಂತು, ಎಲ್ಲಿ, ನಮ್ಮಪ್ಪನದು ಮುಗಿಯಿತೇ, ಎಂದು ಕೇಳಿದ. ಅವನ ಅಪ್ಪ ಕೆತ್ತಿದ್ದ ಬಾತು ಅದು. ನನ್ನ ಕೈ ಇನ್ನೂ ಪಳಗಿಲ್ಲ ಎಂದು ಲೀಲಮ್ಮ ಒಂಬತ್ತು ವರ್ಷ ಮುಟ್ಟದೆ ಕೊನೆಗೆಂದು ಇಟ್ಟುಕೊಂಡಿದ್ದಳು.

ಹೇಮಶ್ರೀ ಸೆರಗು ಸರಿಸಿದಳು. ಬೋಳು ಚುಕ್ಕೆಗಳ ಮೇಲೆ ಗಾರ್ಡನ್ ಹೆಬ್ಬೆರಳಾಡಿಸಿದ. ಅವಳು ಪರ್ಸಿನಿಂದ ಕುಂಚ ತೆಗೆದಳು.

"ಹೇಮಾ, ನಮ್ಮ ಮನಿಯಾಗ ಹೆಣ್ಮಕ್ಕಳು ಕಣ್ಣು ತೆರೆಯಂಗಿಲ್ಲ," ಎಂದ ಶ್ರೀಕಂಠ, ತಗ್ಗಿದ ದನಿಯಲ್ಲಿ.

"ಹಂಗಾರ ನೀ ತೆರಿ."

ಅವನು ನಿಜವಾಗಿಯೂ ಕುಂಚ ಈಸಿಕೊಂಡ. ದೂರದ ಊರಿನಲ್ಲಿ ಸೇತುವೆಗಳ ನಕ್ಷೆ ಬರೆಯುವ ಎಂಜಿನಿಯರು. ಬಗ್ಗಿ, ಕನ್ನಡಕ ಸರಿಮಾಡಿ, ಬಾತಿನ ಕೆನ್ನೆಯ ಹತ್ತಿರ ಕುಂಚ ಒಯ್ದು, ಅಲ್ಲೇ ನಿಂತ. ಅವನ ಕಣ್ಣು ನೆಲದ ಮೇಲಿನ ಬಾತುಗಳತ್ತ ಹೊರಳಿತು. ಎಲ್ಲವೂ ಕಣ್ಣು ಬಿಟ್ಟುಕೊಂಡು ನೆಮ್ಮದಿಯಾಗಿ ಕೂತಿದ್ದವು.

"ಇವನ್ನೆಲ್ಲಾ ಅವ್ವನ ತೆರೆದಾಳೇನು?"

"ಎಲ್ಲಾ. ಇನ್ನೂ ಇದ್ದಾವು, ಮಂದಿ ಮನ್ಯಾಗ."

"ತೊಗೊಳವಾ," ಎಂದು ಶ್ರೀಕಂಠ ಕುಂಚ ಮರಳಿಸಿದ. "ನಂಗ ಬರಂಗಿಲ್ಲ." ಆಮೇಲೆ ಮಂಡಿಯೂರಿ ಕೂತು, ಅವಳಿಗಾಗಿ ಹಳದಿ ಬಣ್ಣದ ಶೀಶೆಯ ಮುಚ್ಚಳ ತಿರುವಿ ಹಿಡಿದುಕೊಂಡ.

ಹೇಮಶ್ರೀ ಅವ್ವನ ಮುಖ ನೋಡಿದಳು. ಒದ್ದೆ ಅರಿವೆ ಹಿಡಿದು ಬರುವವರು ಇಲ್ಲಿ ಯಾರೂ ಇರಲಿಲ್ಲ. ಕುಂಚ ಇಳಿಯಿತು. ಹೊನ್ನಿನ ಬಣ್ಣದ ಒಂದು ಸುತ್ತು. ಅದರ ನಡುವೆ ಕಪ್ಪು. ಕೊನೆಗೆ ಸಾಸಿವೆಗಿಂತ ಚಿಕ್ಕದೊಂದು ಬಿಳಿಯ ಚುಕ್ಕೆ. ಇನ್ನೊಂದು ಮಗ್ಗುಲಿಗೂ ಹಾಗೆಯೇ.

ಮುದುಕರಲ್ಲೊಬ್ಬ ಟೋಪಿ ತೆಗೆದ.

"ಸೈಲೆಂಟು ಅಂದ್ಕೊಂಡಿದ್ದೆ," ಎಂದಳು ಸೌಮ್ಯಾ, ಯಾರಿಗೋ ಹೇಳುವಂತೆ, ಮೂಗು ಒರೆಸಿಕೊಳ್ಳುತ್ತಾ.

ದಹನಯಂತ್ರದ ಗುಂಡಿ ಒತ್ತುವಾಗ ಶ್ರೀಕಂಠ ತಂಗಿಯ ಕೈಯನ್ನು ಹಿಡಿದು ತನ್ನ ಕೈಯ ಕೆಳಗೆ ಇರಿಸಿಕೊಂಡ.

*

ಪೋರ್ಟ್ ಕ್ರೆಡಿಟ್ಟಿನ ಕೆರೆದಂಡೆಯಲ್ಲಿ ನವೆಂಬರಿನ ಗಾಳಿ ಕಿವಿ ಕೊರೆಯುತ್ತಿತ್ತು. ಹೊತ್ತು ಮುಳುಗಲು ಇನ್ನೂ ಅರ್ಧ ಗಂಟೆಯಿತ್ತು. ಕಣ್ಣು ಸರಿಯಾಗಿದೆಯೋ ಇಲ್ಲವೋ ಹೇಳಬೇಕಾದವರು ನಾವಲ್ಲ, ಹಕ್ಕಿಗಳು, ಎಂದಿದ್ದ ಗಾರ್ಡನ್. ಬಾತಿನ ಹೊಟ್ಟೆಯಡಿ ದಾರ ಕಟ್ಟಿ ನೀರಿಗೆ ಬಿಟ್ಟು, ಇನ್ನೊಂದು ತುದಿಯನ್ನು ಹೇಮಶ್ರೀಯ ಕೈಗೆ ಕೊಟ್ಟ. ಬಾತು ಅಲೆಗೆ ತಲೆದೂಗುತ್ತಾ ದೂರ ಸರಿಯಿತು.

ಎಲ್ಲರೂ ಕಲ್ಲುಗಳ ಹಿಂದೆ ಸೀರೆ, ಸೂಟು ಸಮೇತ ಕುಕ್ಕರುಗಾಲಲ್ಲಿ ಕೂತರು. ಹತ್ತು ನಿಮಿಷ ಏನೂ ಆಗಲಿಲ್ಲ. ಒಂದು ಹಿಂಡು ಬಂತು, ಒಂದು ಸುತ್ತು ಹಾಕಿತು, ಹೋಗಿಬಿಟ್ಟಿತು. ಹೇಮಶ್ರೀ ದಾರ ಎಳೆದುಕೊಳ್ಳಲು ಹೊರಟಳು.

"ತಡಿ," ಎಂದ ಶ್ರೀಕಂಠ.

ರೆಕ್ಕೆಗಳ ಸಿಳ್ಳೆ ಮತ್ತೆ ಕೇಳಿತು, ಈ ಸಲ ಬೆನ್ನ ಹಿಂದಿನಿಂದ. ತಲೆಯ ಮೇಲಿಂದ ತಗ್ಗಿ ಬಂದ ಹಕ್ಕಿಗಳು ಕಾಲು ಮುಂದೆ ಚಾಚಿ ನೀರು ಸೀಳಿಕೊಂಡು ಇಳಿದವು. ಒಂದು, ಆಮೇಲೆ ಮೂರು, ಆಮೇಲೆ ಇಡೀ ಹಿಂಡು. ಕಪ್ಪು ತಲೆ, ಬಿಳಿ ಮಚ್ಚೆ, ಬಿಸಿಲಿಗೆ ಮಿನುಗುವ ಹೊನ್ನಿನ ಕಣ್ಣು.

"ಇವುಗಳಾಗ ಅವ್ವಂದು ಯಾವುದವಾ?" ಶ್ರೀಕಂಠ ಪಿಸುಗುಟ್ಟಿದ.

ಹೇಮಶ್ರೀ ಕಣ್ಣು ಕಿರಿದು ಮಾಡಿ ಹುಡುಕಿದಳು. ಗೊತ್ತಾಗಲಿಲ್ಲ. ಅವಳ ಬೆರಳುಗಳ ನಡುವೆ ದಾರ ಮಾತ್ರ ಬಿಗಿಯಾಗಿ, ಹಿಂಡಿನ ನಟ್ಟನಡುವಿಗೆ ಹೋಗಿತ್ತು.